ಗಿಣಿ ಕಲಿತ ಮಾತು

ಅಮ್ಮಾ,

ನಮ್ಮ ಆಫೀಸಿನ ಮೇಡಂ ರಜೆಗೆ ಹೋಗಿದ್ದಾರೆ. ಹೋದ ವರ್ಷದ ಹಾಗೆ ಈ ಸಲವೂ ಈ ಪರದೇಶದಲ್ಲಿ ಅವರ ಮನೆ ಕಾಯುವ ಕೆಲಸ ನನ್ನದೇ. ಗಿಡಕ್ಕೆ ನೀರು, ಗಿಣಿಗೆ ಕಾಳು. ಹೋದ ವರ್ಷ ನೀನಿನ್ನೂ ಇದ್ದೆ. ದಿನಾ ಸಂಜೆ ನೀನು ಫೋನು ಮಾಡಿದಾಗ ನಾನು ಪಂಜರದ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದೆ.

"ಫೋನ್ ರಿಂಗಾದ್ರೆ ಸಾಕು, ನಿಮ್ ಭಾಷೇಲಿ ಏನೋ ಒದರುತ್ತೆ. ಬೈಗುಳ ಕಲ್ಸಿದ್ದೀಯಾ?" ಎಂದು ಹೊರಡುವಾಗ ಮೇಡಂ ನಕ್ಕಿದ್ದರು.

ಇವತ್ತು ಫೋನು ರಿಂಗಾಯಿತು. ಗಿಣಿ ಥೇಟ್ ನನ್ನ ದನಿಯಲ್ಲೇ, "ಹೂಂ ಅಮ್ಮ, ಆಯ್ತು. ಇಡ್ಲಾ?" ಎಂದಿತು.

ಬೈಗುಳವೇ ಆಗಿದ್ದರೆ ವಾಸಿಯಿತ್ತು.

ಫೋನಿನ ಆ ಕಡೆಯಿಂದ ನೀನು ಕೇಳುತ್ತಿದ್ದ ಪ್ರಶ್ನೆ ಪಾಪ ಅದಕ್ಕೆ ಕೇಳಿಸಿರಲಿಲ್ಲ. ಅದನ್ನೂ ಕಲಿಸೋಣವೆಂದು ಪಂಜರದ ಮುಂದೆ ಕೂತು, ನಿನ್ನ ಹಾಗೇ ರಾಗ ಎಳೆದು, "ಊಟ ಆಯ್ತೇನೇ?" ಎಂದೆ.

ಕತ್ತು ಓರೆ ಮಾಡಿ ಕೇಳಿಸಿಕೊಂಡಿತು. ಆಮೇಲೆ ಹೇಳಿತು:

"ಹೂಂ ಅಮ್ಮ, ಆಯ್ತು. ಇಡ್ಲಾ?"