ಮೇಷ್ಟ್ರು ನಿಂತಿದ್ದ ಮೂಲೆ

ಭಾನುವಾರ, ಫೆಬ್ರವರಿ ೧೧

ಪ್ರೀತಿಯ ಗುಬ್ಬಿಗೆ ಅಕ್ಕನ ಆಶೀರ್ವಾದಗಳು.

ಮೇಷ್ಟ್ರ ಕಥೆಯನ್ನು ಮೊಟ್ಟಮೊದಲು ಹೇಳಿದವನು ನೀನು. ಮ್ಯೂಸಿಯಮ್ಮಿನ ಕೊಳದ ಹಜಾರ ತೆರೆದ ದಿನ, ಗಾಜಿನ ಮುಂದೆ ನಿಂತು, ಕೈಯಲ್ಲಿ ಟೋಪಿ ಹಿಡಿದುಕೊಂಡು ಹೇಳಿದೆ. ಕೇಳಿದವರೆಲ್ಲ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಈಗ ಹಜಾರದ ದುರಸ್ತಿ ಮುಗಿಯುತ್ತ ಬಂದಿದೆ, ಮತ್ತೆ ತೆರೆಯುವ ದಿನ ಅದೇ ಕಥೆ ಹೇಳಲು ನಿನ್ನನ್ನು ಕರೆದಿದ್ದಾರೆ, ‘ಬರಲೇನಕ್ಕಾ?’ ಎಂದು ಕೇಳಿದ್ದೀಯ. ಆ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತು ಎದ್ದು, ಕೂತು ಎದ್ದು, ಕೊನೆಗೆ ಕುರ್ಚಿಗೇ ಬೇಸರ ಬಂದಿರಬೇಕು. ತಡವಾದದ್ದಕ್ಕೆ ಕ್ಷಮಿಸು. ನನ್ನ ಕೈ ಚೆನ್ನಾಗಿದೆ, ಕಣ್ಣು ಚೆನ್ನಾಗಿದೆ, ಮಂಡಿ ಮಾತ್ರ ಏಣಿ ಕಂಡರೆ ಮುಖ ತಿರುಗಿಸುತ್ತದೆ. ನಿನ್ನ ಹೆಂಡತಿಯ ಕೆಮ್ಮು ಹೇಗಿದೆ?

ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕೆಂದರೆ ಆ ಕಥೆಯನ್ನು ನಿನಗೇ ಮೊದಲಿಂದ ಹೇಳಬೇಕು. ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾದರೂ ಸರಿ, ಕೇಳು.

ಕೆಲಸಕ್ಕೆ ಹೋಗುವ ದಾರಿಯಲ್ಲಿ, ಕೊಳದ ದಂಡೆಯ ಮೇಲೆ, ಆ ಬೂದು ಕೊಕ್ಕರೆ ದಿನವೂ ನಿಂತಿರುತ್ತಿತ್ತು. ಕತ್ತು ಹುದುಗಿಸಿ, ಕೈ ಹಿಂದೆ ಕಟ್ಟಿಕೊಂಡ ಹಾಗೆ, ಲೆಕ್ಕ ತಪ್ಪಿದ ಹುಡುಗನನ್ನು ನೋಡುವ ಹಾಗೆ ನೀರನ್ನು ನೋಡುತ್ತ. ‘ಮೇಷ್ಟ್ರೇ, ಹಾಜರಿ ಹಾಕ್ಕೊಳ್ಳಿ, ಅಕ್ಕ ತಮ್ಮ ಇಬ್ರೂ ಬಂದ್ವಿ’ ಎಂದು ನೀನು ಕೂಗುತ್ತಿದ್ದೆ. ಅದು ತಿರುಗಿಯೂ ನೋಡುತ್ತಿರಲಿಲ್ಲ. ‘ನೋಡಕ್ಕಾ, ಥೇಟ್ ಮೇಷ್ಟ್ರೇ!’

ಗಾಜಿನ ಪೆಟ್ಟಿಗೆಯ ಹಿಂಗೋಡೆಯ ಮೇಲೆ ಕೊಳ ಬರೆಯುವುದು ನನ್ನ ಕೆಲಸ. ಸತ್ತ ಹಕ್ಕಿಗಳ ತೊಗಲಿಗೆ ಹತ್ತಿ ತುಂಬಿ, ಬದುಕಿರುವ ಹಾಗೆ ಅದರ ಮುಂದೆ ನಿಲ್ಲಿಸುವುದು ನಿನ್ನದು. ನಿಜವಾದ ಕೊಳಕ್ಕೆ ಹೇಳುವವರು ಕೇಳುವವರಿಲ್ಲ. ಪಾಚಿ ತನಗೆ ಬೇಕಾದಲ್ಲಿ ಕಟ್ಟುತ್ತದೆ, ಬಾತು ಬೆನ್ನು ತಿರುಗಿಸಿ ಕೂರುತ್ತದೆ, ನೋಡುವಂಥದ್ದೆಲ್ಲ ಯಾವುದೋ ಪೊದೆಯ ಹಿಂದೆ ನಡೆದುಹೋಗುತ್ತದೆ. ನಾವು ಅದನ್ನು ಒಪ್ಪ ಮಾಡಿದೆವು. ಬೇರೆ ಬೇರೆ ಕಾಲದ ಹೂಗಳನ್ನು ನಾನು ಒಂದೇ ಬೆಳಿಗ್ಗೆ ಅರಳಿಸಿದೆ. ಎಂದೂ ಜೊತೆಗೆ ಬಾರದ ಹಕ್ಕಿಗಳನ್ನು ನೀನು ಮದುವೆಯ ಫೋಟೋಕ್ಕೆ ನಿಲ್ಲಿಸಿದ ಹಾಗೆ ನಿಲ್ಲಿಸಿದೆ. ನಾನು ಜೊಂಡನ್ನೆಲ್ಲ ಎಡಕ್ಕೆ ಬಾಗಿಸಿದೆ, ಮೋಡವನ್ನೂ ಎಡಕ್ಕೇ ಎಳೆದೆ. ಎಲ್ಲ ಮುಗಿಸಿ ದೂರ ನಿಂತು ನೋಡಿದರೆ ಎಡಮೂಲೆ ಬರಿದು. ನೋಡುವ ಕಣ್ಣು ಜೊಂಡಿನ ಜೊತೆಗೇ ಜಾರಿ ಪೆಟ್ಟಿಗೆಯಿಂದ ಹೊರಗೆ ಬೀಳುತ್ತಿತ್ತು.

‘ಇಲ್ಲಿ ಯಾರೋ ನಿಂತಿರಬೇಕಿತ್ತು ಕಣೋ’ ಎಂದೆ. ಅಷ್ಟೇ ನಾನು ಹೇಳಿದ್ದು.

ಸ್ವಲ್ಪ ದಿನಕ್ಕೆ ನೀನು ಗೋಣಿಚೀಲ ಹೊತ್ತು ಬಂದೆ. ‘ಅಕ್ಕಾ, ಮೇಷ್ಟ್ರು ಹೋಗ್ಬಿಟ್ರು. ಮುಪ್ಪು. ದಂಡೆ ಕೆಳಗೆ ಮಲಗಿದ್ರು. ನಿನ್ನ ಮೂಲೆ ಕರೆದಿದ್ದು ಅವ್ರಿಗೆ ಕೇಳಿಸ್ತು ಅನ್ಸುತ್ತೆ.’

ಆ ಮಾತೇ ಕಥೆಯಾಯಿತು. ಚಿತ್ರ ಕರೆಯಿತು, ಹಕ್ಕಿ ತಾನಾಗಿ ಬಂದು ನಿಂತಿತು. ಊರೆಲ್ಲ ಹೇಳಿತು, ನಾನೂ ನನ್ನ ಮೊಮ್ಮಕ್ಕಳಿಗೆ ಹೇಳಿ ಮಲಗಿಸಿದೆ. ಜಗತ್ತು ಎಷ್ಟೇ ಚೆಲ್ಲಾಪಿಲ್ಲಿಯಾಗಿದ್ದರೂ, ಸರಿಯಾಗಿ ಜಾಗ ಬಿಟ್ಟು ಬರೆದರೆ ಬರಬೇಕಾದವರು ಬಂದೇ ಬರುತ್ತಾರೆ ಎಂದು ನಂಬಿದೆ. ಆ ನಂಬಿಕೆಯಲ್ಲೇ ಆಮೇಲಿನ ಗೋಡೆಗಳನ್ನೆಲ್ಲ ಬರೆದೆ.

ಈಗ ನಿನ್ನ ಜಾಗಕ್ಕೆ ಒಬ್ಬಳು ಹುಡುಗಿ ಬಂದಿದ್ದಾಳೆ. ಮಾತು ಕಡಿಮೆ, ಕೆಲಸ ಜಾಸ್ತಿ. ಮೇಷ್ಟ್ರ ರೆಕ್ಕೆಗೆ ಹುಳು ಹಿಡಿದಿತ್ತೆಂದು ಬಿಚ್ಚಿದವಳು ನನ್ನನ್ನು ಕರೆದು ಅಂಗೈ ಚಾಚಿದಳು. ಸೀಸದ ಎರಡು ಚರೆಗುಂಡು.

‘ರೆಕ್ಕೆ ಮೂಳೆ ಪಕ್ಕ ಸಿಕ್ತು ಅಮ್ಮಾ. ಮುಪ್ಪಲ್ಲಿ ಸತ್ತಿದ್ದು ಅಂತಾರಲ್ಲ? ಇದು ಒಳ್ಳೇ ಪ್ರಾಯದ ಹಕ್ಕಿ. ತೂತು ಹೊಲಿದವರು ಯಾರೋ, ಕೈ ಮಾತ್ರ ತುಂಬ ಚೆನ್ನಾಗಿದೆ.’

ಆ ಕೈ ನನಗೆ ಗೊತ್ತಿಲ್ಲವೇ? ಅಮ್ಮ ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಕಲಿಸಿದ ಹೊಲಿಗೆ ಅದು.

ಆದರೂ ಮನಸ್ಸು ಒಪ್ಪಲಿಲ್ಲ. ಬೇರೆ ಯಾರೋ ಹೊಡೆದದ್ದನ್ನು ನೀನು ಹೆಕ್ಕಿ ತಂದಿರಬಹುದು ಎಂದುಕೊಂಡು ನಮ್ಮ ಮುದುಕ ಕಾವಲುಗಾರನನ್ನು ಕೇಳಿದೆ. ಅವನು ತಲೆ ತಗ್ಗಿಸಿದ. ‘ನಾಯಿ ಓಡಿಸ್ಬೇಕು ಅಂತ ನನ್ನ ಬಂದೂಕು ಇಸ್ಕೊಂಡು ಹೋಗಿದ್ರು ತಾಯಿ. ಅಭ್ಯಾಸ ಇಲ್ಲ ನೋಡಿ, ವಾಪಸ್ ಕೊಡುವಾಗ ಭುಜ ಹಿಡ್ಕೊಂಡಿದ್ರು.’

ಭುಜ! ‘ಪೆಟ್ಟಿಗೆ ಎತ್ತಿ ಉಳುಕಿದೆ ಅಕ್ಕಾ’ ಎಂದಿದ್ದೆ ನೀನು. ಎಣ್ಣೆ ಬಿಸಿ ಮಾಡಿ ತಿಕ್ಕಿದವಳು ನಾನು. ಬಂದೂಕು ಒದ್ದ ಜಾಗವನ್ನು ನೀವಿ ನೀವಿ, ‘ಪಾಪ, ನನ್ನ ಚಿತ್ರಕ್ಕೆ ಎಷ್ಟು ಕಷ್ಟಪಡ್ತೀಯೋ’ ಎಂದೆನಲ್ಲೋ! ನೀನು ಕಣ್ಣು ಮುಚ್ಚಿಕೊಂಡು ‘ಇನ್ನೂ ಸ್ವಲ್ಪ ಮೇಲೆ ಅಕ್ಕಾ’ ಎಂದೆ.

ನೀನು ಒಂದು ಮಾತು ಕೇಳಿದ್ದರೆ ಜೊಂಡನ್ನು ಅಳಿಸಿ ಬೇರೆ ಕಡೆಗೆ ಬಾಗಿಸುತ್ತಿದ್ದೆ. ಬಣ್ಣ ಇನ್ನೂ ಹಸಿಯಾಗಿತ್ತು.

ಈಗ ಅದನ್ನೇ ಮಾಡಿದ್ದೇನೆ. ಮಂಡಿಯನ್ನು ಬೈದು ಏಣಿ ಹತ್ತಿಸಿದೆ. ಜೊಂಡು ಅಡ್ಡಾದಿಡ್ಡಿಯಾಗಿದೆ, ಮೂಲೆ ಖಾಲಿಯಿದೆ. ಮೇಷ್ಟ್ರನ್ನು ಆ ಹುಡುಗಿ ಬಟ್ಟೆ ಸುತ್ತಿ ಕಪಾಟಿನಲ್ಲಿ ಮಲಗಿಸಿದ್ದಾಳೆ. ಪಾಪ, ಇಷ್ಟು ವರ್ಷ ನಿಂತೇ ಇದ್ದರು. ‘ಕೊಕ್ಕರೆ ಎಲ್ಲಿ ಅಂತ ಜನ ಕೇಳ್ತಾರಲ್ಲಮ್ಮ?’ ಎಂದರು ಮ್ಯೂಸಿಯಮ್ಮಿನ ಮುಖ್ಯಸ್ಥರು. ‘ಕೇಳ್ಲಿ, ಹೇಳೋಣ’ ಎಂದೆ.

ಆದ್ದರಿಂದ ಬಾ. ಅದೇ ಗಾಜಿನ ಮುಂದೆ ನಿಂತು, ನಡೆದದ್ದನ್ನು ನಡೆದ ಹಾಗೆ ಹೇಳು. ಅದು ಆಗುವುದಿಲ್ಲ ಎಂದಾದರೆ ಹಜಾರಕ್ಕೆ ಬರಬೇಡ, ನೇರ ಮನೆಗೆ ಬಾ. ಊಟ ಹಾಕುತ್ತೇನೆ. ಮಾತಾಡುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ.

ಹೆಂಡತಿ ಮಕ್ಕಳೊಂದಿಗೆ ನೂರು ಕಾಲ ಚೆನ್ನಾಗಿ ಬಾಳು.

ಇಂತು,
ನಿನ್ನ ಅಕ್ಕ

ತಾ.ಕ.: ಹಕ್ಕಿಯನ್ನು ಕೊಂದದ್ದನ್ನು ಎಂದಾದರೂ ಕ್ಷಮಿಸಿಯೇನು. ಆದರೆ ನಿನ್ನ ಭಾವ ತೀರಿಕೊಂಡ ಮೇಲೆ ನಾನು ಕುಂಚ ಮುಟ್ಟದೆ ಆ ಪೆಟ್ಟಿಗೆಯ ಮುಂದೆ ಕೂತಿರುತ್ತಿದ್ದೆನಲ್ಲ, ಆಗ ನೀನು ಬಂದು ನನ್ನ ಕೈ ಹಿಡಿದುಕೊಂಡು ಏನು ಹೇಳಿದೆ? ‘ಮೇಷ್ಟ್ರನ್ನ ನೋಡಕ್ಕಾ. ಅವ್ರನ್ನ ಯಾರಾದ್ರೂ ಎಳ್ಕೊಂಡು ಬಂದ್ರಾ? ಹೊತ್ತಾಯ್ತು, ತಾವೇ ಬಂದು ನಿಂತ್ರು. ಭಾವನೂ ಹಾಗೇ ಎಲ್ಲೋ ತಮ್ಮ ಜಾಗದಲ್ಲಿ ನಿಂತಿದಾರೆ.’ ಆ ಮಾತನ್ನು ಹಿಡಿದುಕೊಂಡೇ ಎದ್ದೆ, ಇಷ್ಟು ವರ್ಷ ಬದುಕಿದೆ. ಆವತ್ತು ನಿನ್ನ ಕೈ ನಡುಗಲಿಲ್ಲ ಗುಬ್ಬಿ. ಈಗ ನಿನ್ನ ಭಾವನನ್ನು ಎಲ್ಲಿ ನಿಲ್ಲಿಸಲಿ?

ಮೊನ್ನೆ ಸಂಜೆ ಹಜಾರದಲ್ಲಿ ನಾನು ಇದನ್ನೆಲ್ಲ ಹೇಳಿದೆ. ಕಾವಲುಗಾರ, ಆ ಹುಡುಗಿ, ಮಕ್ಕಳಿಗೆ ದಿನವೂ ನಿನ್ನ ಕಥೆ ಹೇಳುವ ಗೈಡಮ್ಮ, ಮೂವರೂ ಕೇಳಿದರು, ಎದ್ದು ಹೋದರು. ನಿನ್ನೆ ಬೆಳಿಗ್ಗೆ ನಾನು ಕೊಳದ ದಾರಿ ಹಿಡಿದು ಹೋದರೆ, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಮೂವರೂ ದಂಡೆಯ ಮೇಲೆ ಬಂದು ನಿಂತಿದ್ದರು. ಜೊಂಡು ತನಗೆ ತೋಚಿದ ಕಡೆಗೆಲ್ಲ ಬಾಗಿತ್ತು. ಕಾವಲುಗಾರ ಟೋಪಿ ತೆಗೆದು, ನೀರಿನ ಕಡೆ ನೋಡಿ, ‘ನಾಲ್ಕೂ ಜನ ಬಂದ್ವಿ ಮೇಷ್ಟ್ರೇ’ ಎಂದ. ಆಮೇಲೆ ಎಲ್ಲರೂ ತಡವಾಗಿ ಕೆಲಸಕ್ಕೆ ಹೋದೆವು.