ಮೊದಲು ಮತ, ಆಮೇಲೆ ಹೋಳಿಗೆ

ರಾಕ್‌ವಿಲ್, ಅಮೆರಿಕ, ಅಕ್ಟೋಬರ್ 1998

ಕನ್ನಡ ಕೂಟದ ಅಧ್ಯಕ್ಷರಾದ ಅಣ್ಣಾಸಾಹೇಬರಿಗೆ ಶರಣು.

ಹೆಂಗಸರಿಗೂ ಮತ ಕೊಡುತ್ತೇವೆ ಎಂದಿರಿ. ಮನೆಗೊಂದೇ ಮತ, ಅದು ಗಂಡನದು ಎಂದು ಕೊಡಲಿಲ್ಲ. ಸಮಿತಿಯಲ್ಲಿ ಜಾಗ ಎಂದಿರಿ, ಅಡುಗೆಮನೆಯಲ್ಲಿ ಕೊಟ್ಟಿರಿ.

ನನ್ನ ಪಕ್ಕದ ಮನೆಯಲ್ಲಿದ್ದ ಉಕ್ರೇನಿನ ಹಾಲಿನಾ ನೆನಪಿದ್ದಾಳೆಯೇ? ನಮ್ಮ ಜೊತೆ ಹೋಳಿಗೆ ಲಟ್ಟಿಸುತ್ತಾ, "ನಿಮ್ಮ ಓಟು ಎಲ್ಲಿ?" ಎಂದು ಕೇಳಿದವಳು. "ಹೊರಗಿನಾಕಿಗೆ ಏನ್ ಗೊತ್ತದರೀ?" ಎಂದು ನೀವು ನಕ್ಕಿದ್ದಿರಿ. ಆಕೆ ಉಕ್ರೇನಿಗೆ ಮರಳಿ ಸಂಸತ್ತಿನ ಚುನಾವಣೆ ಗೆದ್ದಳು. ಈಗ ಆ ದೇಶದ ಮಾನವ ಹಕ್ಕುಗಳ ಅಧಿಕಾರಿ! ಪ್ರಮಾಣವಚನದ ದಿನವೇ ಫೋನ್ ಮಾಡಿ, "ಸಿದ್ದೂ, ನಿನ್ನ ಓಟು ಬಂತಾ?" ಎಂದಳು. ಇಲ್ಲವೆಂದೆ. "ಹಾಗಾದ್ರೆ ನಾನೇ ಬರ್ತೀನಿ" ಎಂದಳು.

ಮತ ಸಿಗದೆ ಈ ದೀಪಾವಳಿಗೆ ನಾವ್ಯಾರೂ ಹೋಳಿಗೆ ಮಾಡುವುದಿಲ್ಲ. ನೀವೇ ಲಟ್ಟಣಿಗೆ ತನ್ನಿ, ಹಾಲಿನಾ ಕಲಿಸುತ್ತಾಳೆ.

ನಿಮ್ಮ ಕೂಟದ ಅರ್ಧ ಭಾಗದ ಪರವಾಗಿ,
ಸಿದ್ದೇಶ್ವರಿ

ಸಭೆ: ಬರುವ ಭಾನುವಾರ ಸಂಜೆ ನಾಲ್ಕಕ್ಕೆ, ಅಡುಗೆಮನೆಯಲ್ಲೇ.