ಪ್ಲಾಸ್ಟಿಕ್ ಬಿಚ್ಚದ ಮಂಚ

ಜೂನ್ 9
ನಲ್ಲಿ ನೀರು ಬೇಗ ನಿಂತಿತು. ಎರಡು ಬಿಂದಿಗೆ ಖಾಲಿ. ದೋಸೆಹಿಟ್ಟು ಹುಳಿ ಬಂದಿತ್ತು.
ಮದುವೆಯಾಗಿ ಬೇಲೂರಿಗೆ ಬಂದು ತಿಂಗಳ ಮೇಲಾಯಿತು, ಇವತ್ತು ನಮ್ಮ ಕೋಣೆಗೆ ಮಂಚ, ಬೀರು, ಡ್ರೆಸಿಂಗ್ ಟೇಬಲ್ ಬಂದವು. ಎಲ್ಲಾ ಸೆಕೆಂಡ್ ಹ್ಯಾಂಡ್. ನಮ್ಮವರು ರಘುರಾಮ್ ಅರಸೀಕೆರೆಯ ಬೋರಯ್ಯನ ಅಂಗಡಿಯಲ್ಲಿ ಕೊಂಡರಂತೆ. "ಹೊಸದೇ ಯಾಕೆ ಬೇಕು ಮೇಧಿನಿ? ಮರ ನೋಡು, ಎಷ್ಟು ಗಟ್ಟಿ." ನನಗೂ ಬೇಸರವಿಲ್ಲ. ತವರಲ್ಲೂ ಅರ್ಧ ಸಾಮಾನು ಹಳೆಯದೇ.
ಆದರೆ ಮಂಚದ ತಲೆಹಲಗೆಗೆ ಸುತ್ತಿದ ಪ್ಲಾಸ್ಟಿಕ್ ಇನ್ನೂ ಹಾಗೇ ಇದೆ. ಬಳಸಿದ ಮಂಚಕ್ಕೆ ಪ್ಲಾಸ್ಟಿಕ್?

ಜೂನ್ 11
ಮೂರಕ್ಕೂ ಒಂದೇ ಪಾಲಿಶ್, ಒಂದೇ ಬಳ್ಳಿ ಡಿಸೈನ್. ಯಾರದೋ ಮದುವೆಗೆ ಕೊಟ್ಟ ಸೆಟ್ಟು. "ಯಾರದಂತೆ ರೀ?" ಅಂದೆ. "ಅಂಗಡಿಯವನಿಗೇ ಗೊತ್ತಿರಲ್ಲ." ಫೋನ್‌ನಿಂದ ಕಣ್ಣೆತ್ತಲಿಲ್ಲ.
ಅತ್ತೆ ಈಗ ನಮ್ಮ ಕೋಣೆಯೊಳಗೆ ಬರುವುದೇ ಇಲ್ಲ. ಹೊಸಿಲಾಚೆ ನಿಂತು ಮಾತಾಡಿ ಹೋಗುತ್ತಾರೆ.

ಜೂನ್ 12, ಮಧ್ಯಾಹ್ನ
ಬೀರು ಬಾಗಿಲು ಸಿಕ್ಕಿಕೊಂಡಿತು. ನಾದಿನಿ ಹೇಮಾಶ್ರೀ ಬಂದಳು — ಗಂಡ ಹುಬ್ಬಳ್ಳಿಯಲ್ಲಿ, ಇವಳು ಬಿ.ಎಡ್ ಪರೀಕ್ಷೆಗೆ ಓದಲು ಇಲ್ಲಿದ್ದಾಳೆ. ಹಿಡಿ ತುಸು ಮೇಲೆತ್ತಿ ಮೊಣಕಾಲಲ್ಲಿ ಒತ್ತಿದಳು. ತೆರೆಯಿತು.
"ನಿಂಗೆ ಹೇಗೆ ಗೊತ್ತಾಯ್ತು?"
"ಎಲ್ಲಾ ಬೀರೂ ಹೀಗೇ ಅಲ್ವಾ ಅತ್ತಿಗೆ..."
ಸರ್ರನೆ ಹೋದಳು.
ಅಂದರೆ ಈ ಬೀರು ಮುಂಚೆಯೇ ಇವರ ಮನೆಯಲ್ಲಿತ್ತು. ರಘುರಾಮ್‌ಗೆ ನನಗಿಂತ ಮೊದಲೇ ಒಂದು ಮದುವೆ — ಬರೆದ ಮೇಲೆ ಹೊಡೆದುಹಾಕೋಣ ಅನ್ನಿಸಿತು. ಹಾಕಲಿಲ್ಲ.

ಜೂನ್ 19
ಇಷ್ಟು ದಿನ ಬರೆಯಲಿಲ್ಲ. ಬೆನ್ನುನೋವು ಅಂತ ನೆಲದ ಮೇಲೆ ಮಲಗುತ್ತಿದ್ದೇನೆ. ಅವರು ನಂಬಿದರು.
ಜಾವಗಲ್ಲಿನ ಚಿಕ್ಕಮ್ಮನ ಮನೆಗೆ ಅಂತ ಹೇಳಿ ಬಸ್ಸು ಹತ್ತಿದೆ. ಜಾವಗಲ್ಲಿನಲ್ಲಿ ಇಳಿಯಲಿಲ್ಲ. ಅರಸೀಕೆರೆಗೇ ಹೋದೆ. ಬೋರಯ್ಯ ಕುರ್ಚಿ ಉಜ್ಜುತ್ತಿದ್ದ. "ಬೇಲೂರಿಗಾ? ಈ ವರ್ಸ ಆ ಕಡೀಕೆ ಒಂದು ಸ್ಟೂಲೂ ಕಳ್ಸಿಲ್ಲ ಕಣವ್ವ. ಪ್ಲಾಸ್ಟಿಕ್ ಬಿಚ್ದಿರೋ ಮಂಚ ನನ್ ಅಂಗ್ಡಿಗ್ ಯಾಕ್ ಬತ್ತೈತೆ?"
ಸಂಜೆ ನೇರ ಕೇಳಿದೆ. "ಅವಳ ಹೆಸರೇನು?"
"ಯಾರ ಹೆಸರು?"
"ಈ ಮಂಚದವಳ ಹೆಸರು."
ರಘುರಾಮ್ ಬಾಯಿ ತೆರೆಯುವ ಮೊದಲೇ ಬಾಗಿಲಿಂದ ದನಿ. "ನಂದು ಅತ್ತಿಗೆ." ಹೇಮಾಶ್ರೀ.
ಅವಳು ಗಂಡನ ಮನೆಯಲ್ಲಿ ಇದ್ದದ್ದು ನಾಲ್ಕೇ ತಿಂಗಳು. "ಪ್ಲಾಸ್ಟಿಕ್ ತೆಗೀಬೇಡ, ಹಾಗೇ ಇರ್ಲಿ ಅಂದಿದ್ರು ನಮ್ಮತ್ತೆ. ಯಾಕೆ ಅಂತ ಆಮೇಲೆ ತಿಳೀತು. ಮೊದಲು ನನ್ನ ವಾಪಸ್ ಕಳಿಸಿದ್ರು, ಆಮೇಲೆ ಸಾಮಾನು." ಸಾಮಾನೆಲ್ಲ ಇಷ್ಟು ದಿನ ಹಳೇಬೀಡಲ್ಲಿ ಇವರ ಸೋದರಮಾವನ ಶೆಡ್ಡಿನಲ್ಲಿ ಇತ್ತಂತೆ. ಪರೀಕ್ಷೆ, ಹುಬ್ಬಳ್ಳಿ — ಎಲ್ಲಾ ನನಗೆ ಹೇಳಲು ಕಟ್ಟಿದ ಕಥೆ.
"ಮುರಿದ ಸಂಸಾರದ ಸಾಮಾನು, ಬೇಡ ಅಂತ ನೀನು ಅಂದುಬಿಟ್ರೆ ಅಂತ..." ರಘುರಾಮ್.
"ನನ್ನ ಕೇಳಿದ್ಯಾ ಅಣ್ಣ? ದಿನಾ ಈ ಬಾಗಿಲು ದಾಟೋಳು ನಾನು." ಅತ್ತಳು. ನಾನು ಅವಳನ್ನೇ ಸುಳ್ಳಿ ಅಂದುಕೊಂಡಿದ್ದೆ.

ಜೂನ್ 23
ಮಾರುವುದು ಅಂತ ಹೇಮಾಶ್ರೀಯೇ ಹೇಳಿದಳು. ಹುಲಿಕೆರೆಯಿಂದ ಹೊಸ ಜೋಡಿಯೊಂದು ನೋಡಲು ಬಂತು. ಹುಡುಗಿಗೆ ಅನುಮಾನ. "ಇಷ್ಟ್ ಹೊಸದೈತೆ, ಯಾಕಕ್ಕ ಮಾರ್ತೀರಾ?" ರಘುರಾಮ್ "ಟ್ರಾನ್ಸ್‌ಫರ್..." ಅಂತ ಶುರು ಮಾಡಿದರು. ಹೇಮಾಶ್ರೀ ಅಡ್ಡ ಬಂದಳು. "ನಂದಿದು. ನನ್ನ ಮದುವೆ ಮುರೀತು. ಬೇಕಾದ್ರೆ ತಗೊಳ್ಳಿ."
ಹುಡುಗಿ ಗಂಡನ ಮುಖ ನೋಡಿದಳು. "ಮರ ಏನ್ ಮಾಡ್ತೈತೆ ಬಿಡಿ," ಅಂದಳು. ತಗೊಂಡು ಹೋದರು. ಅತ್ತೆ ಒಳಗೆ ಬಂದು ಖಾಲಿ ಕೋಣೆ ಗುಡಿಸಿದರು.

ಜೂನ್ 24, ಸಂಜೆ
"ಇನ್ಮೇಲೆ ನಿನ್ನಿಂದ ಏನೂ ಮುಚ್ಚಿಡಲ್ಲ," ಅಂದರು ರಘುರಾಮ್. "ಇನ್ನೇನಾದರೂ ಇದೆಯಾ?" ಅಂದೆ. ಅಡುಗೆಮನೆ ಕಡೆ ನೋಡಿ ಮೆಲ್ಲಗೆ — "ಹೇಮಾಗೆ ಒಂದು ಗಂಡು ನೋಡಿದೀವಿ. ಭಾನುವಾರ ಬರ್ತಾರೆ. ಅವಳಿಗೆ ಗೊತ್ತಿಲ್ಲ. ನೀನೂ ಹೇಳ್ಬೇಡ."
ಎದ್ದೆ. "ಹೇಮಾ, ಸ್ವಲ್ಪ ಬಾ ಇಲ್ಲಿ." ಕೈ ಒರೆಸಿಕೊಳ್ಳುತ್ತ ಬಂದಳು. ರಘುರಾಮ್ ನನ್ನ ಮೊಣಕೈ ಹಿಡಿದರು. ಬಿಡಿಸಿಕೊಂಡು ಹೇಳಿದೆ, "ಭಾನುವಾರ ನಿನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾರಂತೆ."